ದರ್ಪಣಾವತಿಯ ನಲವತ್ತೆಂಟು ಸಾವಿರ ಪ್ರಜೆಗಳು

ಬಹಳ ಹಿಂದೆ, ಎಷ್ಟು ಹಿಂದೆ ಎಂದರೆ ಬೆರಳು ಮಡಿಸಿ ಲೆಕ್ಕ ಹೇಳಲಾಗದಷ್ಟು ಹಿಂದೆ, ಒಂದು ದೊಡ್ಡ ಕೆರೆಯ ಕೆಳಗೆ ದರ್ಪಣಾವತಿ ಎಂಬ ರಾಜ್ಯವಿತ್ತು. ಅಲ್ಲಿ ಆನೆ ಇತ್ತು, ಅಂಬಾರಿ ಇತ್ತು, ಹೊಗಳುಭಟರಿದ್ದರು, ಎಲ್ಲರ ಕೈಯಲ್ಲೂ ಮೊಬೈಲಿತ್ತು. ಅಂಬಾರಿಯ ಕಾಲದಲ್ಲಿ ಮೊಬೈಲು ಎಲ್ಲಿಂದ ಬಂತು ಎಂದು ತಕರಾರು ತೆಗೆಯುವ ಓದುಗರು ಇಲ್ಲಿಗೇ ನಿಲ್ಲಿಸಿ ಪಕ್ಕದ ಕಾಲಮ್ಮಿನಲ್ಲಿ ಚಿನ್ನದ ದರ ನೋಡಿಕೊಳ್ಳಬಹುದು. ಉಳಿದವರಿಗೆ ಕಥೆ ಹೇಳುತ್ತೇನೆ.

ಮಹಾರಾಜ ಸ್ವಯಂಪ್ರಭರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಳಲು ಸಂದರ್ಭ ಸಿಗಲಿಕ್ಕಿಲ್ಲ. ಅವರು ಯಾರ ತಲೆಯನ್ನೂ ತೆಗೆಸಿದವರಲ್ಲ, ಯಾರ ಮೇಲೂ ದಂಡೆತ್ತಿ ಹೋದವರಲ್ಲ. ಅವರಿಗಿದ್ದದ್ದು ಒಂದೇ ಕೊರಗು. ಅವರದೊಂದು ವಿಡಿಯೊ ಚಾನೆಲ್ ಇತ್ತು, ಅದನ್ನು ಯಾರೂ ನೋಡುತ್ತಿರಲಿಲ್ಲ.

ಚಾನೆಲ್ಲಿನ ಹೆಸರು ‘ಪ್ರಭಾದರ್ಶನ’. ದಿನಾ ಬೆಳಗ್ಗೆ ಶಂಖ, ಕಹಳೆ ಮತ್ತು ಮೂರು ಥರದ ನಗಾರಿಗಳ ಸದ್ದಿನ ನಂತರ ಮಹಾರಾಜರು ಕಾಣಿಸಿಕೊಂಡು ತಮ್ಮ ಬಗ್ಗೆ ನಲವತ್ತು ನಿಮಿಷ ಮಾತಾಡುತ್ತಿದ್ದರು. ಸೋಮವಾರ ತಮ್ಮ ಬಾಲ್ಯ, ಮಂಗಳವಾರ ತಮ್ಮ ವಿನಯ, ಬುಧವಾರದಿಂದ ಭಾನುವಾರದವರೆಗೆ ವಿನಯದ ಮುಂದುವರಿದ ಭಾಗ. ಸಬ್‌ಸ್ಕ್ರೈಬರುಗಳು ಇನ್ನೂರ ಹನ್ನೊಂದು. ಅರಮನೆಯ ನೌಕರರ ಸಂಖ್ಯೆಯೂ ಇನ್ನೂರ ಹನ್ನೊಂದೇ. ವ್ಯೂಸ್ ಮಾತ್ರ ದಿನಕ್ಕೆ ನಾಲ್ಕು, ಅದರಲ್ಲಿ ಮೂರು ಮಹಾರಾಜರವೇ. ನಾಲ್ಕನೆಯದು ಮಹಾರಾಣಿಯವರದು ಎಂದು ಅವರು ನಂಬಿದ್ದರು. ಮಹಾರಾಣಿಯವರು ಆ ನಂಬಿಕೆಯನ್ನು ಕೆಡಿಸಲು ಹೋಗಿರಲಿಲ್ಲ.

ಅದೇ ರಾಜ್ಯದಲ್ಲಿ ಇನ್ನೊಂದು ಚಾನೆಲ್ ಇತ್ತು. ಅದು ನೀರಗಂಟಿ ಸಣ್ಣೀರಮ್ಮನದು. ಕೆರೆಯ ತೂಬು ಎತ್ತಿ ಊರಿಗೆ ನೀರು ಬಿಡುವ ಆ ಕೆಲಸ, ಗಂಡ ಹೋದ ಮೇಲೆ ಅವಳ ಕೈಗೆ ಬಂದಿತ್ತು. ಬೆಳಗ್ಗೆ ಏರಿಯ ಮೇಲೆ ನಿಂತು, ಕ್ಯಾಮರಾವನ್ನು ಬಹುಪಾಲು ತನ್ನ ಪಾದದ ಕಡೆಗೇ ತಿರುಗಿಸಿಕೊಂಡು, ಒಂದು ನಿಮಿಷ ಮಾತಾಡುತ್ತಿದ್ದಳು. “ಅಳತೆಗಲ್ಲಲ್ಲಿ ಒಂಬತ್ತು ಗೀಟು ನೀರದೆ. ಇವತ್ತು ಮಡಕೆ ಬೀದಿಗೆ ಏಳು ಗಂಟೆಗೆ, ನೇಕಾರ ಬೀದಿಗೆ ಎಂಟಕ್ಕೆ. ಕೊಡ ತೊಳ್ಕೊಂಡು ಬನ್ನಿ.” ಅಷ್ಟೆ. ಲೈಕ್ ಮಾಡಿ, ಶೇರ್ ಮಾಡಿ ಎಂದು ಬೇಡಿಕೊಳ್ಳುತ್ತಿರಲಿಲ್ಲ. ಅವಳ ಸಬ್‌ಸ್ಕ್ರೈಬರುಗಳು ಆರು ಸಾವಿರ. ರಾಜ್ಯದ ಜನಸಂಖ್ಯೆಯೂ ಆರು ಸಾವಿರ.

ಈ ಎರಡು ಸಂಖ್ಯೆ ಒಂದೇ ಆಗಿರುವುದಕ್ಕೆ ಕಾರಣವಿತ್ತು. ಕೆರೆ ಕಟ್ಟಿಸಿದ ಮೂಲಪುರುಷರು ತೂಬಿನ ಪಕ್ಕದಲ್ಲಿ ಒಂದು ಶಾಸನ ನಿಲ್ಲಿಸಿದ್ದರು. ಅದರಲ್ಲಿ ಎರಡೇ ಸಾಲು. ‘ತಲೆ ಎಷ್ಟೋ ಪಾಲು ಅಷ್ಟು, ಎಲ್ಲ ಪಾಲೂ ಸಮ’ ಎಂಬುದು ಒಂದು. ‘ಸಾವಾದರೆ ತಲೆಗೊಂದು ಗಳಿಗೆ ತೂಬು ಮುಚ್ಚಿ ಸೂತಕ ಹಿಡಿಯತಕ್ಕದ್ದು’ ಎಂಬುದು ಇನ್ನೊಂದು. ಗಳಿಗೆ ಎಂದರೆ ಇಪ್ಪತ್ನಾಲ್ಕು ನಿಮಿಷ. ರಾಜ್ಯದಲ್ಲಿ ತಲೆ ಎಣಿಸುವ ಅಧಿಕಾರಿ ನಿವೃತ್ತನಾದ ಮೇಲೆ ಆ ಹುದ್ದೆಯನ್ನು ಯಾರೂ ತುಂಬಿರಲಿಲ್ಲವಾಗಿ, ಅರಮನೆಯವರು ಸಣ್ಣೀರಮ್ಮನ ಚಾನೆಲ್ಲನ್ನೇ ನೋಡಿಕೊಂಡು ಜನಗಣತಿ ಬರೆದುಕೊಳ್ಳುತ್ತಿದ್ದರು. ಮಗು ಹುಟ್ಟಿದರೆ ನಾಮಕರಣದ ದಿನವೇ ಅದರ ಹೆಸರಿನಲ್ಲಿ ಸಬ್‌ಸ್ಕ್ರೈಬ್ ಮಾಡಿಸುವುದು, ಯಾರಾದರೂ ತೀರಿಕೊಂಡರೆ ಹೆಸರು ತೆಗೆದು ಒಂದು ಗಳಿಗೆ ತೂಬು ಇಳಿಸುವುದು ಅಲ್ಲಿಯ ಪದ್ಧತಿ. ತಲೆಗೆ ನಾಲ್ಕು ಕೊಡ ನೀರು ಸಿಗುತ್ತಿತ್ತು. ಕುಡಿದು, ಅಡುಗೆ ಮಾಡಿ, ಮಿಂದು, ಬಾಗಿಲಿಗೆ ನೀರು ಹಾಕಲು ಅಷ್ಟು ಸಾಕು.

ಒಂದು ದಿನ ಮಹಾರಾಜರು ಮಹಾಮಂತ್ರಿ ಅನುಮೋದಶೀಲನನ್ನು ಕರೆಸಿದರು. ಈ ಮಂತ್ರಿಯು ಇಪ್ಪತ್ತು ವರ್ಷಗಳ ಸೇವೆಯಲ್ಲಿ ಒಮ್ಮೆಯೂ ‘ಇಲ್ಲ’ ಎಂಬ ಪದವನ್ನು ಬಳಸದೆ ಬಡ್ತಿಗಳನ್ನು ಪಡೆದವನು.

“ನಮ್ಮ ಮಾತಿನಲ್ಲಿ ಏನಾದರೂ ಕೊರತೆಯಿದೆಯೇ, ಅಮಾತ್ಯ?”

“ಎಲ್ಲಾದರೂ ಉಂಟೇ, ಪ್ರಭು. ತಮ್ಮ ಕಂಟೆಂಟು ಪರಿಪೂರ್ಣ. ಕೊರತೆ ಇರುವುದು ರೀಚಿನಲ್ಲಿ.”

“ಹಾಗೆಂದರೆ?”

“ಸೂರ್ಯ ಉದಯಿಸಿದ್ದಾನೆ. ಜನ ಕಿಟಕಿ ತೆರೆದಿಲ್ಲ.”

ಮಹಾರಾಜರಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಮರುದಿನದ ಸಂಚಿಕೆಗೆ ಅದನ್ನೇ ಶೀರ್ಷಿಕೆ ಮಾಡಿದರು. ಆ ಸಂಚಿಕೆಗೂ ವ್ಯೂಸ್ ನಾಲ್ಕೇ.

ಆಗ ಅನುಮೋದಶೀಲ ತನ್ನ ಯೋಜನೆಯನ್ನು ಬಿಚ್ಚಿಟ್ಟ. ಅದರ ಹೆಸರು ‘ಪರಸ್ಪರ ಪ್ರಚಾರ ಮಹಾಯೋಜನೆ’. “ನೀರಗಂಟಿಯ ಚಾನೆಲ್ಲಿನಲ್ಲಿ ತಾವು ಕಾಣಿಸಿಕೊಳ್ಳುವುದು, ತಮ್ಮ ಚಾನೆಲ್ಲಿನಲ್ಲಿ ಅವಳು. ಅವಳ ಆರು ಸಾವಿರ ಮಂದಿ ತಮ್ಮವರಾಗುತ್ತಾರೆ, ಪ್ರಭು.”

“ನಮ್ಮ ಇನ್ನೂರ ಹನ್ನೊಂದು?”

“ಅವಳ ಪಾಲಾಗುತ್ತಾರೆ.”

ಮಹಾರಾಜರು ಸ್ವಲ್ಪ ಹೊತ್ತು ಯೋಚಿಸಿ, “ಅವಳಿಗೆ ಒಳ್ಳೆಯ ಲಾಭ” ಎಂದರು.

ಸಣ್ಣೀರಮ್ಮನಿಗೆ ಕರೆ ಹೋಯಿತು. ಅವಳು ಕೆಸರು ಮೆತ್ತಿದ ಕಾಲು ತೊಳೆದುಕೊಂಡು ಆಸ್ಥಾನಕ್ಕೆ ಬಂದು ಕೈಮುಗಿದು ನಿಂತಳು. ಮಂತ್ರಿ ಕೊಲಾಬ್ ಎಂದರೇನು, ಅಲ್ಗಾರಿದಮ್ ಎಂದರೇನು ಎಂದು ಒಂದು ತಾಸು ವಿವರಿಸಿದ. ಅವಳು ಎಲ್ಲ ಕೇಳಿಸಿಕೊಂಡು ಮಹಾರಾಜರ ಕಡೆ ತಿರುಗಿದಳು.

“ಬುದ್ಧಿ, ನಂದು ನೀರಿನ ವಿಸ್ಯ. ಜನ ಅದಕ್ಕೆ ನೋಡ್ತಾರೆ. ನಿಮ್ಮದು ಯಾವ ವಿಸ್ಯ?”

“ನಾವೇ,” ಎಂದರು ಮಹಾರಾಜರು.

“ಹಂಗಾರೆ ಕಷ್ಟ ಬುದ್ಧಿ. ನಿಮ್ಮ ಮಾತು ಮುಗಿಯೋಗಂಟ ಜನ ಕಾಯ್ತಾರೆ. ನೀರು ಕಾಯಕ್ಕಿಲ್ಲ.”

ಮಹಾರಾಜರು ನಕ್ಕರು. ಅವರು ಕೆಟ್ಟವರಲ್ಲ ಎಂದು ಹೇಳಿದೆನಲ್ಲ. “ನಿನ್ನ ತೂಬಿಗೆ ನಾವು ಕೈ ಹಾಕುವುದಿಲ್ಲ, ಸಣ್ಣೀರಮ್ಮ. ಇದು ನಮ್ಮ ಮಾತು,” ಎಂದರು. ಆ ಮಾತನ್ನು ಅವರು ಕೊನೆಯವರೆಗೂ ಉಳಿಸಿಕೊಂಡರು. ತೂಬನ್ನು ಒಮ್ಮೆಯೂ ಮುಟ್ಟಲಿಲ್ಲ.

ಮೊದಲ ಕೊಲಾಬ್ ಏರಿಯ ಮೇಲೆ ನಡೆಯಿತು. ಬಿಳಿ ಕೊಡೆಯ ಕೆಳಗೆ ಮಹಾರಾಜರು ತಮ್ಮ ವಿನಯದ ಬಗ್ಗೆ ಮಾತಾಡಿದರು, ಸಣ್ಣೀರಮ್ಮ ಪಕ್ಕದಲ್ಲಿ ನಿಂತು ನೀರಿನ ಕಡೆ ನೋಡುತ್ತಿದ್ದಳು. ಜನ ವಿಡಿಯೊವನ್ನು ಬೆರಳಿನಿಂದ ಮುಂದಕ್ಕೆ ತಳ್ಳಿ, ಗಂಟೆ ಎಷ್ಟು ಎಂದು ಮಾತ್ರ ಕೇಳಿಕೊಂಡು ಕೊಡ ಎತ್ತಿಕೊಂಡರು. ಪ್ರಭಾದರ್ಶನಕ್ಕೆ ಹೊಸದಾಗಿ ಸೇರಿದವರು ಇಬ್ಬರು. ಅವರಲ್ಲೊಬ್ಬ ಕೈತಪ್ಪಿ ಒತ್ತಿದ್ದ.

ಆಗ ಹೊರಟಿತು ಮೊದಲ ರಾಜಾಜ್ಞೆ. ನೀರು ಯಾವ ಬೀದಿಗೆ ಎಂಬುದನ್ನು ಸಣ್ಣೀರಮ್ಮನೂ ಎಷ್ಟು ಗಂಟೆಗೆ ಎಂಬುದನ್ನು ಮಹಾರಾಜರೂ ತಂತಮ್ಮ ಚಾನೆಲ್ಲಿನಲ್ಲಿ ಹೇಳತಕ್ಕದ್ದು. ಅದನ್ನು ಸಬ್‌ಸ್ಕ್ರೈಬ್ ಆದವರು ಮಾತ್ರ ನೋಡತಕ್ಕದ್ದು. ವಾರದೊಳಗೆ ಪ್ರಭಾದರ್ಶನ ಆರು ಸಾವಿರ ಮುಟ್ಟಿತು. ಕೂಸುಕಂದಮ್ಮಗಳ ಹೆಸರನ್ನೂ ಬಿಡಲಿಲ್ಲ ಜನ. ಹೆಸರು ಬಿಟ್ಟುಹೋದರೆ ಎಲ್ಲಿ ಪಾಲೂ ಬಿಟ್ಟುಹೋಗುತ್ತದೋ, ಯಾಕೆ ಬೇಕು ತಂಟೆ ಎಂದುಕೊಂಡರು.

ಮಹಾರಾಜರ ಚಾನೆಲ್ ಬೆಳೆದದ್ದನ್ನು ಕಂಡು ಆಸ್ಥಾನದ ಇತರರಿಗೂ ಪ್ರತಿಭೆ ಉಕ್ಕಿತು. ಮಹಾಮಂತ್ರಿಯ ಚಾನೆಲ್ಲು, ಸೇನಾಪತಿಯ ಚಾನೆಲ್ಲು, ರಾಜಗುರುಗಳ ಪ್ರವಚನ, ರಾಜವೈದ್ಯರ ಕಷಾಯ, ಅರಮನೆಯ ಅಡುಗೆಮನೆಯಿಂದ ಮುಖ್ಯಾಧಿಕಾರಿ ಉಣ್ಣುವ ದೃಶ್ಯ, ಕೊನೆಗೆ ಗಜಶಾಲೆಯಿಂದ ಮಂದಾಕಿನಿ ಎಂಬ ಪಟ್ಟದಾನೆ ನಿಂತೇ ನಿದ್ದೆ ಮಾಡುವ ನೇರಪ್ರಸಾರ. ಸಣ್ಣೀರಮ್ಮನದೂ ಸೇರಿ ಒಟ್ಟು ಎಂಟು. ಎಂಟೂ ಚಾನೆಲ್ಲುಗಳು ಒಂದನ್ನೊಂದು ಹೊಗಳಿಕೊಳ್ಳಬೇಕು, ನೀರಿನ ಸುದ್ದಿಯನ್ನು ಎಂಟು ತುಂಡು ಮಾಡಿ ಹಂಚಿಕೊಳ್ಳಬೇಕು ಎಂದು ಎರಡನೆಯ ರಾಜಾಜ್ಞೆ ಹೊರಟಿತು. ಬೀದಿಯ ಬಲಗಡೆಗೆ ಮೊದಲೋ ಎಡಗಡೆಗೋ ಎಂಬುದು ಪ್ರವಚನದ ಕೊನೆಯಲ್ಲಿ. ನೀರು ಎಷ್ಟು ಹೊತ್ತು ಬರುತ್ತದೆ ಎಂಬುದು ಕಷಾಯ ಕುದಿದ ಮೇಲೆ. ಇವತ್ತು ನೀರು ಇದೆಯೋ ಇಲ್ಲವೋ ಎಂಬ ಮುಖ್ಯ ವಿಷಯ ಆನೆಗೆ ಬಂತು. ಸೊಂಡಿಲು ಎತ್ತಿದರೆ ಇದೆ ಎಂದರ್ಥ. ಅರಮನೆಯ ಏಳರಲ್ಲಿ ಜನಕ್ಕೆ ಸ್ವಲ್ಪವಾದರೂ ಇಷ್ಟವಾದದ್ದು ಆನೆಯ ಚಾನೆಲ್ಲೇ, ಅದು ಮಾತಾಡುತ್ತಿರಲಿಲ್ಲ.

ಮಡಕೆ ಬೀದಿಯ ತಿಪ್ಪಕ್ಕನ ಮನೆಯಲ್ಲಿ ಬೆಳಗಿನ ಕೆಲಸ ಹೀಗೆ ಹಂಚಿಕೆಯಾಯಿತು. ಅತ್ತೆಗೆ ರಾಜಗುರು ಮತ್ತು ಕಷಾಯ, ಗಂಡನಿಗೆ ಸೇನಾಪತಿ ಮತ್ತು ಮಹಾಮಂತ್ರಿ, ಮೈದುನನಿಗೆ ಮಹಾರಾಜರು ಮತ್ತು ಉಣ್ಣುವವರು. ತಿಪ್ಪಕ್ಕ ಒಂದು ಕಣ್ಣು ಸಣ್ಣೀರಮ್ಮನ ಮೇಲೆ, ಒಂದು ಕಣ್ಣು ಆನೆಯ ಮೇಲೆ ಇಟ್ಟು ರೊಟ್ಟಿ ಬಡಿಯುತ್ತಿದ್ದಳು. ಒಂದು ದಿನ ಅತ್ತೆಗೆ ಪ್ರವಚನದಲ್ಲಿ ತೂಕಡಿಕೆ ಬಂದು ಬಲವೋ ಎಡವೋ ತಿಳಿಯಲಿಲ್ಲ. ಅವತ್ತು ಆ ಮನೆಗೆ ನೀರಿಲ್ಲ. ಮಣ್ಣು ಕಲಸಲೂ ನೀರಿಲ್ಲದೆ ಮಡಕೆ ಮಾಡುವ ತಿಗರಿ ನಿಂತಿತು.

ಎರಡು ತಿಂಗಳ ಕೊನೆಗೆ ಅನುಮೋದಶೀಲ ಎಂಟೂ ಚಾನೆಲ್ಲುಗಳ ಸಂಖ್ಯೆಯನ್ನು ಕೂಡಿಸಿದ. ನಲವತ್ತೆಂಟು ಸಾವಿರ. ಆ ರಾಜ್ಯದಲ್ಲಿ ಸಬ್‌ಸ್ಕ್ರೈಬರ್ ಎಂದರೆ ತಲೆ ಎಂದೇ ಅರಮನೆಯ ಕಡತಗಳಲ್ಲಿ ರೂಢಿಯಾಗಿತ್ತಲ್ಲ, ಹಾಗಾಗಿ ಅವನು ಒಂದು ಕ್ಷಣವೂ ಅನುಮಾನಿಸಲಿಲ್ಲ.

“ಪ್ರಭು, ತಮ್ಮ ಪ್ರಜೆಗಳು ಆರು ಸಾವಿರವಿದ್ದರು. ಈಗ ನಲವತ್ತೆಂಟು ಸಾವಿರ.”

“ಎರಡು ತಿಂಗಳಲ್ಲಿ?”

“ಇದು ತಮ್ಮ ಕೃಪೆ,” ಎಂದ ಮಂತ್ರಿ. ತಮ್ಮ ಕಷಾಯದ ಪಾತ್ರವೂ ಸ್ವಲ್ಪ ಇರಬಹುದೆಂದು ರಾಜವೈದ್ಯರು ವಿನಯದಿಂದ ಸೂಚಿಸಿದರು.

ಅಷ್ಟಗುಣೋತ್ಸವ ನಡೆಯಿತು. ಎಂಟು ಪಟ್ಟು ಪ್ರಜೆಗಳಿಗೆ ಎಂದು ಎಂಟು ಪಟ್ಟು ಬಾಣಬಿರುಸು ಹಾರಿಸಿದರು. ನೋಡಲು ಬಂದವರು ಮಾತ್ರ ಯಾವಾಗಿನವರೇ. ಉತ್ಸವ ಮುಗಿದ ಮೇಲೆ ರಾಜಗುರುಗಳು ಶಾಸನವನ್ನು ನೆನಪಿಸಿದರು. ತಲೆ ಎಷ್ಟೋ ಪಾಲು ಅಷ್ಟು. ಕೆರೆಯ ನೀರು ದಿನಕ್ಕೆ ಇಪ್ಪತ್ನಾಲ್ಕು ಸಾವಿರ ಕೊಡ. ನಲವತ್ತೆಂಟು ಸಾವಿರ ತಲೆಗೆ ಹಂಚಿದರೆ ತಲೆಗೆ ಅರ್ಧ ಕೊಡ. ಸಣ್ಣೀರಮ್ಮನಿಗೆ ಅಪ್ಪಣೆ ಹೋಯಿತು. ಕರೆಯದಿದ್ದರೂ ಅವಳು ಆಸ್ಥಾನಕ್ಕೆ ಬಂದಳು. ಈ ಸಲ ಕಾಲು ತೊಳೆದಿರಲಿಲ್ಲ.

“ಬುದ್ಧಿ, ಎಂಟು ಕಡೆ ನೋಡೋರು ಅವ್ರವ್ರೇ. ಊರಲ್ಲಿರೋದು ಆರು ಸಾವ್ರ ಜನ. ನಾನು ದಿನಾ ಮುಖ ನೋಡಿ ನೀರು ಬಿಡೋಳು, ನಂಗೊತ್ತಿಲ್ವಾ.”

“ಎಂಟು ಕಡೆ ಇರುವವನು ಒಬ್ಬನೇ ಎಂದು ಹೇಗೆ ಹೇಳುತ್ತೀ?” ಎಂದ ಮಂತ್ರಿ. “ಸೇನಾಪತಿಯನ್ನು ನೋಡುವಾಗ ಅವನು ವೀರ. ಗುರುಗಳನ್ನು ನೋಡುವಾಗ ಭಕ್ತ. ಆನೆಯನ್ನು ನೋಡುವಾಗ ರಸಿಕ. ಇವರೆಲ್ಲ ಬೇರೆ ಬೇರೆ ಆಡಿಯೆನ್ಸ್.”

ಸಣ್ಣೀರಮ್ಮ ತಲೆದೂಗಿದಳು. “ಆಗ್ಲಿ ಸ್ವಾಮಿ. ಒಬ್ಬ ಎಂಟು ಜನ ಆದ್ರೆ ಅವ್ನಿಗೆ ಎಂಟು ಪಾಲು ಕೊಟ್ಬಿಡ್ತೀನಿ. ಎಂಟು ಅರ್ಧ, ನಾಲ್ಕು ಕೊಡ. ಮೊದ್ಲಿದ್ದಷ್ಟೇ ಆಯ್ತು. ನಿಮ್ಮ ಲೆಕ್ಕವೂ ಉಳೀತು, ಜನವೂ ಉಳುದ್ರು.”

ಮಹಾರಾಜರ ಮುಖದಲ್ಲಿ ಏನೋ ಹೊಳೆದಂತಾಯಿತು. ಆ ಒಂದು ಕ್ಷಣ ದರ್ಪಣಾವತಿಯ ಇತಿಹಾಸವೇ ಬೇರೆ ದಾರಿ ಹಿಡಿಯಬಹುದಿತ್ತು. ಆದರೆ ಮಂತ್ರಿ ಅವರ ಕಿವಿಯ ಬಳಿ ಬಗ್ಗಿದ.

“ಹಾಗೆ ಕೊಟ್ಟರೆ, ಪ್ರಭು, ಆ ಎಂಟು ಮಂದಿಯೂ ಒಬ್ಬನೇ ಎಂದು ನಾವೇ ಒಪ್ಪಿಕೊಂಡಂತಾಗುತ್ತದೆ. ಸಂಖ್ಯೆ ಮತ್ತೆ ಆರು ಸಾವಿರಕ್ಕೆ ಇಳಿಯುತ್ತದೆ.”

ಮಹಾರಾಜರು ಗೋಡೆಯ ಮೇಲಿನ ದೊಡ್ಡ ಪರದೆಯನ್ನು ನೋಡಿದರು. 48,000 ಎಂದು ಹೊಳೆಯುತ್ತಿತ್ತು. ಬಹಳ ಹೊತ್ತು ನೋಡಿದರು. ಆಮೇಲೆ ಸಣ್ಣೀರಮ್ಮನ ಮುಖ ತಪ್ಪಿಸಿ, “ಶಾಸನವನ್ನು ಮೀರುವ ಅಧಿಕಾರ ನಮಗಿಲ್ಲ” ಎಂದರು.

ಹೀಗೆ ತಲೆಗೆ ಅರ್ಧ ಕೊಡವಾಯಿತು. ಉಳಿದ ನಲವತ್ತೆರಡು ಸಾವಿರ ಪಾಲನ್ನು, ಇನ್ನೂ ತೆಗೆದುಕೊಳ್ಳಲು ಬಾರದ ಪ್ರಜೆಗಳಿಗಾಗಿ ಕೆರೆಯಲ್ಲೇ ಗೌರವದಿಂದ ಕಾದಿರಿಸಲಾಯಿತು. ಬಾಗಿಲಿಗೆ ನೀರು ಹಾಕುವುದು ಮೊದಲು ನಿಂತಿತು, ಆಮೇಲೆ ಮೀಯುವುದು. ತಿಪ್ಪಕ್ಕನ ಮನೆಯ ತಿಗರಿಯ ಮೇಲೆ ಧೂಳು ಕೂತಿತು. ಕೆರೆ ಮಾತ್ರ ತುಂಬಿ ತುಳುಕುತ್ತಿತ್ತು. ಸಣ್ಣೀರಮ್ಮನಿಗೆ ಅದನ್ನು ನೋಡಲಾಗಲಿಲ್ಲ. ನೀರಗಂಟಿಗೆ ಬತ್ತಿದ ಕೆರೆ ನೋಡಿ ಅಭ್ಯಾಸವಿರುತ್ತದೆ. ತುಂಬಿದ ಕೆರೆಯ ಕೆಳಗೆ ಒಣಗಿದ ಕೊಡ ನೋಡಿ ಅಭ್ಯಾಸವಿರುವುದಿಲ್ಲ.

ಒಂದು ಬೆಳಗ್ಗೆ ಅವಳು ಮೊಬೈಲನ್ನು ಮನೆಯಲ್ಲೇ ಬಿಟ್ಟಳು. ಅಟ್ಟದ ಮೇಲಿದ್ದ ಗಂಡನ ತಮಟೆ ಇಳಿಸಿ, ಬೆಂಕಿಗೆ ಹಿಡಿದು ಕಾಯಿಸಿ, ಬೀದಿಬೀದಿಯಲ್ಲಿ ಬಡಿಯುತ್ತ ಹೋದಳು. “ಮಡಕೆ ಬೀದಿಗೆ ಏಳು ಗಂಟೆಗೆ, ಬಲಗಡೆ ಮೊದ್ಲು. ನೇಕಾರ ಬೀದಿಗೆ ಎಂಟಕ್ಕೆ. ತಲೆಗೆ ನಾಲ್ಕು ಕೊಡ. ನಾಳೆಯಿಂದ ದಿನಾ ಹಿಂಗೇ ಸಾರ್ತೀನಿ. ಬನ್ನಿ.” ಜನ ಬಂದರು. ನಾಲ್ಕು ಕೊಡ ತುಂಬಿಸಿಕೊಂಡರು. ತಿಪ್ಪಕ್ಕ ಮೊದಲ ಕೊಡವನ್ನು ಬಾಗಿಲಿಗೇ ಹಾಕಿ ರಂಗೋಲಿ ಬಿಟ್ಟಳು. ತಿಂಗಳುಗಟ್ಟಲೆ ಪ್ರವಚನ ಕೇಳಿ ಸೋತಿದ್ದ ಜನ ಆ ಸಂಜೆಯೊಳಗೆ ಸಣ್ಣೀರಮ್ಮನದೊಂದನ್ನು ಬಿಟ್ಟು ಉಳಿದ ಏಳೂ ಚಾನೆಲ್ಲುಗಳಿಂದ ಹೆಸರು ತೆಗೆದರು. ಅರಮನೆಯ ಇನ್ನೂರ ಹನ್ನೊಂದು ಮಂದಿಯೂ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತೆಗೆದರು.

ಮಹಾರಾಜರು ಪರದೆ ನೋಡಿದರು. 6,000.

ಅವರು ಕೂಗಾಡಲಿಲ್ಲ. ಮುಂಡಾಸು ತೆಗೆದಿಟ್ಟು ನೆಲದ ಮೇಲೆ ಕೂತರು. “ನಲವತ್ತೆರಡು ಸಾವಿರ ಪ್ರಜೆಗಳು,” ಎಂದರು. “ಒಂದೇ ದಿನದಲ್ಲಿ.” ಅವರ ಕಣ್ಣಲ್ಲಿ ನೀರು ಬಂತು. ಅದು ನಿಜವಾದ ಕಣ್ಣೀರು, ಈ ವಿಷಯದಲ್ಲಿ ನಾನು ಅವರನ್ನು ತಮಾಷೆ ಮಾಡುವುದಿಲ್ಲ. ಆ ರಾಜ್ಯದಲ್ಲಿ ಹೆಸರು ತೆಗೆಯುವುದು ಯಾರಾದರೂ ತೀರಿಕೊಂಡಾಗ ಮಾತ್ರ.

ಸಣ್ಣೀರಮ್ಮ ಓಡಿಬಂದಳು. “ಯಾರೂ ಸತ್ತಿಲ್ಲ ಬುದ್ಧಿ. ಬಟನ್ ಒತ್ತವ್ರೆ ಅಷ್ಟೆ. ಕಿಟಕೀಲಿ ನೋಡಿ, ಎಲ್ಲಾ ಓಡಾಡ್ಕೊಂಡವ್ರೆ.”

“ನಮ್ಮನ್ನು ಸಮಾಧಾನ ಮಾಡಬೇಡ, ಸಣ್ಣೀರಮ್ಮ,” ಎಂದರು ಮಹಾರಾಜರು, ಕಿಟಕಿಯ ಕಡೆ ತಿರುಗದೆ. “ನಮಗೆ ದುಃಖ ತಡೆದುಕೊಳ್ಳುವ ಶಕ್ತಿಯಿದೆ.”

ರಾಜಗುರುಗಳು ಶಾಸನದ ಎರಡನೆಯ ಸಾಲನ್ನು ಓದಿದರು. ಸಾವಾದರೆ ತಲೆಗೊಂದು ಗಳಿಗೆ. ದಿನಕ್ಕೆ ಅರವತ್ತು ಗಳಿಗೆ. ನಲವತ್ತೆರಡು ಸಾವಿರ ಸಾವಿಗೆ ಏಳುನೂರು ದಿನ. ಏಳುನೂರು ದಿನ ತೂಬು ಮುಚ್ಚತಕ್ಕದ್ದು. ಸೇನಾಪತಿಯ ಆಳುಗಳು ಬಂದು ತೂಬಿಗೆ ಬೀಗ ಜಡಿದು, ಅದಕ್ಕೊಂದು ಬಿಳಿ ಬಟ್ಟೆ ಸುತ್ತಿ ಹೋದರು.

ಮೊದಲ ದಿನ ಜನ ನಕ್ಕರು. ಎರಡನೆಯ ದಿನ ಮಡಕೆಯ ತಳದಲ್ಲಿದ್ದುದನ್ನು ಮಕ್ಕಳಿಗೆ ಕೊಟ್ಟರು. ಮೂರನೆಯ ದಿನ ತಿಪ್ಪಕ್ಕ ಖಾಲಿ ಕೊಡವನ್ನು ತಂದು ಸಣ್ಣೀರಮ್ಮನ ಮುಂದೆ ಇಟ್ಟಳು.

“ಅಕ್ಕಾ, ಅತ್ತೆಗೆ ನಾಲಿಗೆ ಒಣಗ್ತಾ ಅದೆ. ಏನಾರ ಮಾಡು.”

ಸಣ್ಣೀರಮ್ಮ ಬೀಗದ ಕಡೆ ನೋಡಿದಳು, ಕಾವಲಿನವರ ಕತ್ತಿಯ ಕಡೆ ನೋಡಿದಳು, ತುಂಬಿದ ಕೆರೆಯ ಕಡೆ ನೋಡಿದಳು. ಇನ್ನೊಂದು ದಾರಿ ಇರಬೇಕು ಎಂದು ಬಹಳ ಹೊತ್ತು ಯೋಚಿಸಿದಳು. ಇರಲಿಲ್ಲ. ಮತ್ತೆ ತಮಟೆ ಎತ್ತಿಕೊಂಡಳು. ಅದೇ ಬೀದಿಗಳಲ್ಲಿ ಅದೇ ಗಂಟಲಿನಲ್ಲಿ ಸಾರುತ್ತ ಹೋದಳು. “ಎಲ್ರೂ ಒತ್ತಿಬಿಡ್ರಪ್ಪ. ಏಳೂ ಒತ್ತಿಬಿಡಿ. ಮಕ್ಳ ಹೆಸ್ರೂ ಬಿಡಬ್ಯಾಡಿ.” ಮನೆಗೆ ಬಂದು ತಾನೂ ಏಳು ಸಲ ಒತ್ತಿದಳು.

ಅರಮನೆಯಲ್ಲಿ ಬಿಳಿ ವಸ್ತ್ರ ಉಟ್ಟು ಕೂತಿದ್ದ ಮಹಾರಾಜರ ಎದುರು ಪರದೆ ಮಿಸುಕಿತು. ಏಳು ಸಾವಿರ, ಹನ್ನೊಂದು ಸಾವಿರ, ಮೂವತ್ತು ಸಾವಿರ. ಸಂಜೆಯ ಹೊತ್ತಿಗೆ ನಲವತ್ತೆಂಟು ಸಾವಿರ. ಸತ್ತವರೆಲ್ಲ ಎದ್ದುಬಂದಿದ್ದರು. ಮೂರು ದಿನ ಅನ್ನ ಬಿಟ್ಟು ಅತ್ತ ಮಹಾರಾಜರ ತಪಸ್ಸಿನ ಫಲವಿದು ಎಂದು ಅನುಮೋದಶೀಲ ಘೋಷಿಸಿದ. ಮಹಾರಾಜರಿಗೆ ‘ಮೃತಸಂಜೀವಕ’ ಎಂಬ ಬಿರುದು ಕೊಟ್ಟು, ಎರಡನೆಯ ಸಲ ಕಿರೀಟ ತೊಡಿಸಲಾಯಿತು. ಆ ಸಮಾರಂಭವನ್ನು ಎಂಟೂ ಚಾನೆಲ್ಲುಗಳಲ್ಲಿ ಒಟ್ಟಿಗೆ ತೋರಿಸಿದರು. ಮಂದಾಕಿನಿ ಮಾತ್ರ ಅದರ ಪಾಡಿಗೆ ನಿದ್ದೆ ಮಾಡುತ್ತಿತ್ತು. ಪರಸ್ಪರ ಪ್ರಚಾರದಿಂದ ಸತ್ತವರೂ ಬದುಕುತ್ತಾರೆಂದು ಕೇಳಿ, ನೆರೆಯ ರಾಜರು ತಂತಮ್ಮ ಚಾನೆಲ್ಲುಗಳೊಂದಿಗೆ ಕೊಲಾಬಿಗೆ ಸಾಲು ನಿಂತಿದ್ದಾರೆ ಎಂದು ಮಂತ್ರಿ ಅರಿಕೆ ಮಾಡಿಕೊಂಡ. ಒಂಬತ್ತನೆಯ ಚಾನೆಲ್ಲು ಬರಲಿತ್ತು. ಪಾಲು ಎಷ್ಟಾಗುತ್ತದೆ ಎಂಬುದನ್ನು ಓದುಗರು ತಾವೇ ಭಾಗಿಸಿಕೊಳ್ಳಬಹುದು.

ತೂಬಿನ ಬೀಗ ತೆಗೆದರು. ತಲೆಗೆ ಅರ್ಧ ಕೊಡದಂತೆ ನೀರು ಬಂತು. ಸಾಲಿನಲ್ಲಿ ನಿಂತಿದ್ದ ತಿಪ್ಪಕ್ಕ, ಏರಿಯ ಆಚೆ ಕೋಡಿ ಬಿದ್ದು ಸುಮ್ಮನೆ ಹರಿದುಹೋಗುತ್ತಿದ್ದ ನೀರನ್ನು ತೋರಿಸಿ, “ಅದೆಲ್ಲಾ ಯಾರ ಪಾಲು ಅಕ್ಕಾ?” ಎಂದು ಕೇಳಿದಳು.

“ಬದುಕಿ ಬಂದೋರ್ದು,” ಎಂದಳು ಸಣ್ಣೀರಮ್ಮ. ಅರ್ಧ ತುಂಬಿದ ಕೊಡವನ್ನು ತಿಪ್ಪಕ್ಕನ ಸೊಂಟಕ್ಕೆ ಎತ್ತಿಕೊಟ್ಟಳು. ಆಮೇಲೆ ತನ್ನ ಕೊಡ ಹಿಡಿದುಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.